ವಾಲಿ, ಸುಗ್ರೀವ ಮತ್ತು ನನ್ನ ರಾಜ್ಯೋತ್ಸವದ ಶಾಲು

ನಮ್ಮನೆ ಇರೋದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಇಂಡಿಯಾನಾಪೊಲಿಸ್ ಪಕ್ಕದ ಬ್ರೌನ್ಸ್‌ಬರ್ಗ್ ಅನ್ನೋ ಊರಲ್ಲಿ. ಸುತ್ತ ಜೋಳದ ಹೊಲ, ಮಧ್ಯ ನಮ್ಮ ಬೀದಿ, ಬೀದಿ ಮಧ್ಯ ನಮ್ಮನೆ. ಎಡಗಡೆ ಮನೇಲಿ ಒಬ್ರು ತಾತ, ಬಲಗಡೆ ಮನೇಲಿ ಇನ್ನೊಬ್ರು ತಾತ. ಇಬ್ರಿಗೂ ಎಪ್ಪತ್ತು ದಾಟಿದೆ, ಇಬ್ರಿಗೂ ಬಿಳಿ ಮೀಸೆ, ಇಬ್ರಿಗೂ ಅದೇ ಅಳತೆ ಹೊಟ್ಟೆ, ಇಬ್ರೂ ಬೆಳಗ್ಗೆ ಏಳಕ್ಕೆಲ್ಲ ಎಲೆ ಊದೋ ಮಷಿನ್ ಹಿಡ್ಕೊಂಡು ಹೊರಗೆ ಬರ್ತಾರೆ. ಬಂದ ಹೊಸದರಲ್ಲಿ ಆರು ತಿಂಗಳು ಒಬ್ಬರ ಪಾರ್ಸಲ್ ಇನ್ನೊಬ್ಬರಿಗೆ ಕೊಟ್ಟಿದೀನಿ, ಒಬ್ಬರ ಮೊಣಕಾಲು ಆಪರೇಷನ್ ಬಗ್ಗೆ ಇನ್ನೊಬ್ಬರನ್ನ ವಿಚಾರಿಸಿದೀನಿ. ಆಮೇಲೆ ಗೊತ್ತಾಯ್ತು, ಟೋಪಿ ನೋಡ್ಬೇಕು ಅಂತ. ಎಡಗಡೆಯವರದು ಕೆಂಪು ಟೋಪಿ, ಬಲಗಡೆಯವರದು ಹಳದಿ.

ಕೆಂಪು ಅಂದ್ರೆ ವಾಬ್ಯಾಶ್ ಕಾಲೇಜು. ಹಳದಿ (ಅವರು ಅದನ್ನ ಹಳದಿ ಅನ್ನಲ್ಲ, ಹಳೇ ಚಿನ್ನ ಅಂತಾರೆ, ಚಿನ್ನದ ರೇಟು ಈಗಿರೋ ಹಾಗೆ ನಾನೂ ವಾದ ಮಾಡಲ್ಲ) ಅಂದ್ರೆ ಡಿಪಾ ಯೂನಿವರ್ಸಿಟಿ. ವಾಬ್ಯಾಶ್ ಇರೋದು ಕ್ರಾಫರ್ಡ್ಸ್‌ವಿಲ್ ಅನ್ನೋ ಊರಲ್ಲಿ, ಡಿಪಾ ಇರೋದು ಗ್ರೀನ್‌ಕ್ಯಾಸಲ್‌ನಲ್ಲಿ, ಮಧ್ಯ 231 ನಂಬರಿನ ಹೈವೇ, ದೂರ ಸುಮಾರು 45 ಕಿಲೋಮೀಟರ್, ಅಂದ್ರೆ ಮೈಸೂರಿಂದ ಮಂಡ್ಯಕ್ಕೆ ಹೋದಷ್ಟು. ಎರಡೂ ಪುಟಾಣಿ ಕಾಲೇಜುಗಳು, ವಾಬ್ಯಾಶಲ್ಲಿ ಸಾವಿರ ಹುಡುಗರೂ ಇಲ್ಲ. ಆಟದ ಮೇಲೆ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲದ ಮೂರನೇ ಡಿವಿಜನ್ನು. ಟಿವಿಲಿ ಕಾಣೋ ದೊಡ್ಡ ಕಾಲೇಜುಗಳ ಮುಂದೆ ಇವು ನಮ್ಮ ತಾಲ್ಲೂಕು ಮಟ್ಟದ ಕಬಡ್ಡಿ ಇದ್ದ ಹಾಗೆ. ಆದ್ರೆ 1890ರಿಂದ ಇವೆರಡೂ ಫುಟ್ಬಾಲ್‌ನಲ್ಲಿ (ನಮ್ಮದಲ್ಲ, ಚೆಂಡನ್ನ ಕೈಲಿ ಹಿಡಿದು ಓಡೋ, ಎಸೆಯೋ ಅಮೆರಿಕನ್ ಫುಟ್ಬಾಲು) ಗುದ್ದಾಡ್ತಾನೇ ಇವೆ. ತಾಲ್ಲೂಕು ಕಬಡ್ಡಿಲಿ ಆಗೋ ಜಗಳ ಐಪಿಎಲ್‌ನಲ್ಲಿ ಆಗತ್ತಾ ಹೇಳಿ?

ಗೆದ್ದವರಿಗೆ ಕಪ್ಪು ಕೊಡಲ್ಲ, ಗಂಟೆ ಕೊಡ್ತಾರೆ. ನಿಜವಾದ ರೈಲ್ವೆ ಎಂಜಿನ್ನಿನ ಗಂಟೆ, 300 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 136 ಕೆಜಿ. ಮೊನಾನ್ ಅನ್ನೋ ರೈಲ್ವೆ ಕಂಪನಿ ಎರಡೂ ಊರು ಮೇಲೆ ಹಾದು ಹೋಗ್ತಿತ್ತಂತೆ, ಅವರು 1932ರಲ್ಲಿ ಕೊಟ್ಟಿದ್ದು. ಆ ಕಂಪನಿ 1971ರಲ್ಲಿ ಇನ್ನೊಂದು ಕಂಪನಿ ಹೊಟ್ಟೆ ಸೇರಿ ಹೆಸರಿಲ್ಲದ ಹಾಗಾಯ್ತು, ಗಂಟೆ ಮಾತ್ರ ಇನ್ನೂ ಢಣಾ ಢಣಾ ಅಂತ ಬಡಿಸ್ಕೋತಾ ಇದೆ. ಗಂಟೆಗೆ ಒಂದು ಕಡೆ ಕೆಂಪು ಬಣ್ಣ, ಇನ್ನೊಂದು ಕಡೆ ಹಳದಿ. ಈ ವಿಷಯ ನೆನಪಲ್ಲಿಟ್ಕೊಳ್ಳಿ, ನಾನು ಇಟ್ಕೊಳ್ಳಲಿಲ್ಲ, ಅದೇ ಕಥೆ.

ಮೊದಲ ಎಡವಟ್ಟು ಬಲಗಡೆ ತಾತನ ಹತ್ರ ಆಯ್ತು. ಅವರು ಹಿತ್ತಿಲಲ್ಲಿ ಏನೋ ಸುಡ್ತಾ ಇದ್ರು, ನಾನು ಬೇಲಿ ಮೇಲಿಂದ ಮಾತಾಡ್ಸಿದೆ. "ನಾನು ಡಿಪಾ" ಅಂದ್ರು. ನಾನು ಜ್ಞಾನ ಪ್ರದರ್ಶನಕ್ಕೆ ಅಂತ "ಓಹ್, ಗೊತ್ತು ಗೊತ್ತು, ಶಿಕಾಗೋದಲ್ಲಿರೋದಲ್ವಾ, ನನ್ನ ಕಸಿನ್ ಅಲ್ಲೇ ಎಂಎಸ್ ಮಾಡಿದ್ದು" ಅಂದೆ. ಅದು ಡಿಪಾಲ್. ಇದು ಡಿಪಾ. ಒಂದು 'ಲ್' ವ್ಯತ್ಯಾಸ ಅಷ್ಟೇ, ಆದ್ರೆ ಆ 'ಲ್' ಕೇಳಿದ ತಕ್ಷಣ ಅವರು ಗ್ರಿಲ್ಲಿನ ಮುಚ್ಚಳ ಹಾಕಿದ ಸದ್ದು ಇನ್ನೂ ಕಿವೀಲಿದೆ. "ಅವರಿಗೆ ಫುಟ್ಬಾಲ್ ಟೀಮೇ ಇಲ್ಲ" ಅಂದ್ರು, ನಮ್ಮ ಕಡೆ 'ಅವರ ಮನೇಲಿ ಮಡಿ ಮೈಲಿಗೆ ಏನೂ ಇಲ್ಲ' ಅಂತಾರಲ್ಲ, ಅದೇ ದನಿ.

ನವೆಂಬರ್ ಬಂತು ಅಂದ್ರೆ ಇಬ್ರೂ ಬದಲಾಗಿಬಿಡ್ತಾರೆ. ಮ್ಯಾಚು ತಿಂಗಳ ಮಧ್ಯದ ಶನಿವಾರ, ಅದಕ್ಕೆ ಎರಡು ವಾರ ಮುಂಚೆಯಿಂದ ನಮ್ಮ ಲಾನೇ ಕುರುಕ್ಷೇತ್ರ. ಅಲ್ಲಲ್ಲ, ಕಿಷ್ಕಿಂಧೆ. ಯಾಕಂದ್ರೆ ಡಿಪಾದವರು ವಾಬ್ಯಾಶಿನವರನ್ನ 'ವಾಲಿ' ಅಂತ ಆಡ್ಕೋತಾರೆ, ವಾಬ್ಯಾಶಿನವರು ಡಿಪಾದವರನ್ನ 'ಡ್ಯಾನಿ' ಅಂತಾರೆ. ಬಲಗಡೆ ತಾತ ಮೊದಲನೇ ಸಲ "ಆ ವಾಲಿ ಏನಂದ ನಿಂಗೆ?" ಅಂತ ಕೇಳಿದಾಗ ನಂಗೆ ಕಾಫಿ ನೆತ್ತಿಗೇರಿತು. ಆನೆಗೊಂದಿಗೆ ಹೋಗಿ ಅಂಜನಾದ್ರಿ ಬೆಟ್ಟ ಹತ್ತಿ ಬಂದ ಮನುಷ್ಯ ನಾನು, ವಾಲಿ ಅಂದ್ರೆ ಇನ್ನೇನು ತಲೆಗೆ ಬರತ್ತೆ. ರಾಮಾಯಣದಲ್ಲೂ ಅಷ್ಟೇ ಅಲ್ವಾ, ಇಬ್ರೂ ಒಂದೇ ಥರ ಕಾಣ್ತಾರೆ ಅಂತ ರಾಮನೇ ಬಾಣ ಬಿಡದೆ ನಿಂತ, ಆಮೇಲೆ ಸುಗ್ರೀವನ ಕೊರಳಿಗೆ ಹೂಮಾಲೆ ಹಾಕಿಸಿ ಕಳಿಸ್ಬೇಕಾಯ್ತು. ಇಲ್ಲಿ ಹೂಮಾಲೆ ಬದಲು ಟೋಪಿ. ಅವತ್ತಿಂದ ನಮ್ಮನೇಲಿ ಎಡಗಡೆಯವರು ವಾಲಿ, ಬಲಗಡೆಯವರು ಸುಗ್ರೀವ. ನನ್ನ ಹೆಂಡ್ತಿ ಅಂತೂ ಫೋನಲ್ಲಿ ಅಮ್ಮನ ಹತ್ರ "ಇವತ್ತು ವಾಲಿ ಹೆಂಡ್ತಿ ಆಪಲ್ ಪೈ ಕೊಟ್ರು" ಅಂತ ಸಲೀಸಾಗಿ ಹೇಳ್ತಾಳೆ, ಆ ಕಡೆಯಿಂದ ಅತ್ತೆ "ತಾರೇನಾ?" ಅಂತಾರೆ.

ವಾದ ಶುರುವಾಗೋದು ಮೇಲ್‌ಬಾಕ್ಸ್ ಹತ್ರ. ವಾಲಿ ಹೇಳೋದು ಒಟ್ಟು ಲೆಕ್ಕ: "1890ರಿಂದ ಎಣಿಸು, ಜಾಸ್ತಿ ಗೆದ್ದಿರೋದು ನಾವೇ." ಅದು ನಿಜ. ಸುಗ್ರೀವ ಹೇಳೋದು "ಸತ್ತವರ ಲೆಕ್ಕ ಯಾಕೆ, ಬದುಕಿರೋರು ನೋಡಿದ ಮ್ಯಾಚು ಎಣಿಸು." ಆಗ ವಾಲಿ 2001 ತೆಗೀತಾರೆ: ಟೈಮೇ ಮುಗಿದು ಹೋಗಿದೆ, ಕೊನೇ ಉದ್ದದ ಎಸೆತ, ಚೆಂಡು ಒಬ್ಬನ ಕೈಗೆ ತಗುಲಿ ಇನ್ನೊಬ್ಬನ ಕೈ ಸೇರಿ ವಾಬ್ಯಾಶ್ 27-21. ಅದಕ್ಕೆ ಸುಗ್ರೀವರದು 2007: ಸ್ಕೋರು ಸಮ, ಉಳಿದಿರೋದು ಎರಡೇ ಸೆಕೆಂಡು, 47 ಗಜ ದೂರದಿಂದ ಒದ್ದ ಒಂದು ಒದೆತಕ್ಕೆ ಗಂಟೆ ಡಿಪಾಗೆ. ಇದನ್ನ ಹೇಳುವಾಗ ಅವರು ಕಾಲೆತ್ತಿ ತೋರಿಸ್ತಾರೆ, ಆಪರೇಷನ್ ಆಗಿರೋ ಕಾಲು ಬೇರೆ, ನಂಗೆ ಜೀವ ಕೈಗೆ ಬರತ್ತೆ. ನಗೋ ಹಾಗಿಲ್ಲ ನಾನು. 1996ರಲ್ಲಿ ಚಿನ್ನಸ್ವಾಮಿಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ನ ವಿಕೆಟ್ ಹಾರಿಸಿದ್ದನ್ನ ನಾನೂ ಹೀಗೇ, ಕೇಳದೇ ಇರೋರಿಗೂ, ಬೌಲಿಂಗ್ ಆಕ್ಷನ್ ಸಮೇತ ಹೇಳಿದೀನಿ.

ಗೆಲುವಿನ ಲೆಕ್ಕ ಮುಗಿದ ಮೇಲೆ ಕಳ್ಳತನದ ಲೆಕ್ಕ. ಈ ಗಂಟೆ ಕದಿಯೋದು ಎರಡೂ ಕಡೆಯವರಿಗೆ ಹಬ್ಬ ಇದ್ದ ಹಾಗೆ. ಅದರಲ್ಲೂ 1965ರ ಕಥೆ ವಾಲಿ ಬಾಯಲ್ಲೇ ಕೇಳ್ಬೇಕು. ವಾಬ್ಯಾಶಿನ ಹುಡುಗ ಒಬ್ಬ ಮೆಕ್ಸಿಕೋದಿಂದ ಬಂದ ದೊಡ್ಡ ಮನುಷ್ಯನ ಥರ ವೇಷ ಕಟ್ಕೊಂಡು ಡಿಪಾಗೆ ಹೋಗಿ, ಅಲ್ಲಿಯ ದೊಡ್ಡವರ ಹತ್ರನೇ ಮರ್ಯಾದೆ ಮಾಡಿಸ್ಕೊಂಡು, ಗಂಟೆ ಎಲ್ಲಿಟ್ಟಿದಾರೆ ಅಂತ ತಿಳ್ಕೊಂಡು ಬಂದ, ಆಮೇಲೆ ಗ್ಯಾಂಗು ಹೋಗಿ ಎತ್ಕೊಂಡು ಬಂತು. ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ಫ್ರಿಹೋಲೆಸ್', ಅಂದ್ರೆ ಹುರಳೀಕಾಯಿ ಜಾತಿಯ ಬೀನ್ಸ್ ಕಾಳು. ಇದೆಲ್ಲ ನಡೆದಾಗ ವಾಲಿ ಇನ್ನೂ ಶಾಲೆಗೆ ಹೋಗೋ ಹುಡುಗ, ಆದ್ರೆ ಹೇಳೋ ಭರ ನೋಡಿದ್ರೆ ಗಂಟೆಯ ಒಂದು ತುದಿ ಇವರೇ ಹಿಡ್ಕೊಂಡಿದ್ರೇನೋ ಅನ್ಸತ್ತೆ. ಈಗಲೂ ಮ್ಯಾಚಿನ ವಾರ ವಾಬ್ಯಾಶಿನ ಫಸ್ಟ್ ಇಯರ್ ಹುಡುಗ್ರು ಚಳೀಲಿ ರಾತ್ರಿಯೆಲ್ಲ ಕ್ಯಾಂಪಸ್ ಕಾವಲು ಕಾಯ್ತಾರಂತೆ.

"ನಮ್ಮ ಕಾಲೇಜಲ್ಲಿ ಇರೋದು ಒಂದೇ ರೂಲು, ಎಲ್ಲೇ ಇದ್ರೂ ಜಂಟಲ್‌ಮನ್ ಥರ ಇರ್ಬೇಕು" ಅಂತಾರೆ ವಾಲಿ. ಅದೂ ನಿಜವೇ, ಅಲ್ಲಿ ಅದು ಬರೆದಿಟ್ಟ ನಿಯಮ. "ಕದಿಯೋದು ಜಂಟಲ್‌ಮನ್ನಾ?" ಅಂತ ಬೇಲಿ ಆಚೆಯಿಂದ ಸುಗ್ರೀವರ ಹೆಂಡ್ತಿ. ಅವರೂ ಡಿಪಾನೇ, ಇಬ್ರೂ ಅಲ್ಲೇ ಭೇಟಿಯಾಗಿ ಮದುವೆಯಾದವರು. ವಾಬ್ಯಾಶ್ ಇವತ್ತಿಗೂ ಬರೀ ಗಂಡುಮಕ್ಕಳ ಕಾಲೇಜು. ನಂಗೆ ಮಹಾರಾಣಿ ಕಾಲೇಜು ಗೊತ್ತಿತ್ತು, ಹೊರಗಡೆ ಬಸ್‌ಸ್ಟಾಪಲ್ಲಿ ನಿಂತ ಅನುಭವವೂ ಉಂಟು, ಆದ್ರೆ ಹುಡುಗ್ರು ಮಾತ್ರ ಇರೋ ಕಾಲೇಜಿಗೆ ಯಾರಾದ್ರೂ ಇಷ್ಟಪಟ್ಟು ಸೇರ್ತಾರೆ ಅಂತ ಗೊತ್ತಿರ್ಲಿಲ್ಲ. ಆಯಮ್ಮ ಪ್ರತೀ ವರ್ಷ ಇದೊಂದೇ ಬಾಣ ಬಿಡೋದು: "ಪಾಪ, ನಾಲ್ಕು ವರ್ಷ ಹೆಣ್ಣುಮಕ್ಕಳ ಮುಖ ನೋಡಿಲ್ಲ, ಗಂಟೆನಾದ್ರೂ ಇಟ್ಕೊಳ್ಲಿ ಬಿಡಿ."

ಇದರ ಮಧ್ಯ ನನ್ನ ಪಾಲಿಸಿ ಏನಪ್ಪಾ ಅಂದ್ರೆ ಎಲ್ಲರಿಗೂ ಹೂಂ ಅನ್ನೋದು. ಎಡಗಡೆ ಸಿಕ್ಕಾಗ "ಈ ಸಲ ನಿಮ್ಮದೇ", ಬಲಗಡೆ ಸಿಕ್ಕಾಗ "ಈ ಸಲ ನಿಮ್ಮದೇ". ಹೋದ ವರ್ಷದ ಹಿಂದಿನ ವರ್ಷ ಇಬ್ರೂ ಮ್ಯಾಚಿಗೆ ಬಾ ಅಂತ ಕರೆದ್ರು, ಇಬ್ರಿಗೂ ಹೂಂ ಅಂದೆ, ಇಬ್ರೂ ನನಗೆ ಅಂತ ಟಿಕೆಟ್ ತಗೊಂಡ್ರು. ಆ ಮ್ಯಾಚಿನ ಟಿಕೆಟ್ಟಿಗೆ ಜನ ಬಡಿದಾಡ್ತಾರೆ, ಸಿಗದೇ ಇರೋ ಹಳೇ ವಿದ್ಯಾರ್ಥಿಗಳು ದೇಶದ ಬೇರೆ ಬೇರೆ ಊರಲ್ಲಿ ಬಾರಲ್ಲಿ ಒಟ್ಟಿಗೆ ಸೇರಿ ಟಿವಿಲಿ ನೋಡ್ತಾರೆ, ಇಲ್ಲಿ ಆ ಆಟದಲ್ಲಿ ಡೌನ್ ಅಂದ್ರೇನು ಅಂತಾನೂ ಗೊತ್ತಿಲ್ಲದ ನನ್ನ ಹತ್ರ ಎರಡು ಟಿಕೆಟ್ಟು, ಅದೂ ಎದುರುಬದುರು ಗ್ಯಾಲರಿದು. ವಿಷಯ ಮೇಲ್‌ಬಾಕ್ಸ್ ಹತ್ರ ಬಯಲಾಯ್ತು. ಎರಡು ದಿನ ಎರಡು ಕಡೆಯಿಂದಲೂ ಗುಡ್ ಮಾರ್ನಿಂಗ್ ಬರ್ಲಿಲ್ಲ. ಕೊನೆಗೆ ಹೆಂಡ್ತಿ ರಾಜಿ ಮಾಡಿಸಿದ್ಲು, ಹೋಗೋದು ವಾಲಿ ಟ್ರಕ್ಕಲ್ಲಿ, ಕೂರೋದು ಸುಗ್ರೀವರ ಪಕ್ಕ.

ಶನಿವಾರ ಬೆಳಗ್ಗೆ ಖಾಲಿ ಕೈಲಿ ಹೋಗಬಾರದು ಅಂತ ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಮಾಡಿದ್ವಿ. ಅಲ್ಲಿ ಪಾರ್ಕಿಂಗ್ ಲಾಟಲ್ಲೇ ಊಟ, ಎಲ್ಲಿ ನೋಡಿದ್ರೂ ಇಂಡಿಯಾನಾದ ಆ ತಟ್ಟೆಗಾತ್ರದ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಬನ್ನು ಮಧ್ಯದಲ್ಲೆಲ್ಲೋ ಪುಟ್ಟದಾಗಿ ಕೂತಿರತ್ತೆ, ನಾವು ಪುಳಿಚಾರು ಮಂದಿಗೆ ಏನೂ ಗಿಟ್ಟಲ್ಲ. ವಾಲಿ ಗ್ಯಾಂಗಿನ ಮುಂದೆ ಡಬ್ಬಿ ಮುಚ್ಚಳ ತೆಗೆದೆ. ಕೆಂಪು ಟೋಪಿಗಳೆಲ್ಲ ಬಗ್ಗಿ ನೋಡಿದ್ವು. ಯಾರೂ ಮಾತಾಡ್ಲಿಲ್ಲ. "ಇದು ಹಳದಿ" ಅಂದ್ರು ಒಬ್ರು. ಅರಿಶಿನ ಕಣಪ್ಪಾ, ಆರೋಗ್ಯಕ್ಕೆ ಒಳ್ಳೇದು ಅಂತ ಎಷ್ಟು ಹೇಳಿದ್ರೂ ಯಾರೂ ಚಮಚ ಎತ್ತಲಿಲ್ಲ. ಡಬ್ಬಿ ಹೊತ್ಕೊಂಡು ಸುಗ್ರೀವರ ಪಾಳಯಕ್ಕೆ ಹೋದ್ರೆ ಐದು ನಿಮಿಷದಲ್ಲಿ ಖಾಲಿ, ಕಡಲೇಬೀಜ ಕೂಡ ಬಿಡ್ಲಿಲ್ಲ, "ಡಿಪಾ ರೈಸ್" ಅಂತ ಹೆಸರೂ ಇಟ್ರು.

ಆಗ ಸಣ್ಣಗೆ ಮಳೆ ಹನಿ ಶುರುವಾಯ್ತು, ಜೊತೆಗೆ ಮೂಳೆ ಕೊರೆಯೋ ಗಾಳಿ. ಬ್ಯಾಗಲ್ಲಿ ಕೈ ಹಾಕಿದೆ, ಎರಡು ವಾರದ ಹಿಂದೆ ಕನ್ನಡ ರಾಜ್ಯೋತ್ಸವಕ್ಕೆ ಹಾಕ್ಕೊಂಡು ಹೋಗಿದ್ದ ಶಾಲು ಸಿಕ್ತು, ಊರಿಗೆ ಹೋದಾಗ ಚಿಕ್ಕಪೇಟೇಲಿ ಚೌಕಾಸಿ ಮಾಡಿ ತಂದಿದ್ದು, ಅರ್ಧ ಹಳದಿ ಅರ್ಧ ಕೆಂಪು. ಏನೂ ಯೋಚನೆ ಮಾಡದೆ ಹೊದ್ಕೊಂಡೆ.

ಸುತ್ತ ಗದ್ದಲ ನಿಂತೋಯ್ತು. ಯಾರೋ ಒಬ್ಬ ಹುಡುಗ "ಡ್ಯೂಡ್, ಗಂಟೆ!" ಅಂತ ಕೂಗಿದ. ಆಗ ನಂಗೆ ಹೊಳೀತು, ನಾನು ನಡೆದಾಡೋ ಮೊನಾನ್ ಗಂಟೆ ಆಗಿದೀನಿ ಅಂತ. ವಾಲಿ ಓಡಿ ಬಂದು "ಕೆಂಪು ಯಾಕೆ ಕೆಳಗಿದೆ?" ಅಂದ್ರು. ಸುಗ್ರೀವ "ಕೆಂಪು ಯಾಕೆ ಇದೆ?" ಅಂದ್ರು. ನಾನು ಇದು ನಮ್ಮ ಬಾವುಟ, ಅರಿಶಿನ ಕುಂಕುಮ, ನವೆಂಬರ್ ಒಂದು, 1956, ಏಕೀಕರಣ ಅಂತ ಶುರು ಮಾಡಿದೆ. ಹಂಚಿಹೋಗಿದ್ದ ಕನ್ನಡದವರೆಲ್ಲ ಒಂದಾದ್ವಿ ಅಂತ ನಾನು ಭಾವುಕನಾಗಿ ಹೇಳ್ತಾ ಇದ್ರೆ ಅವರಿಬ್ರ ಮುಖದಲ್ಲಿ 'ಅಯ್ಯೋ ಪಾಪ, ಯಾಕೆ ಒಂದಾದ್ರಿ' ಅನ್ನೋ ಭಾವ. ಅಷ್ಟರಲ್ಲಿ ಫೋಟೋಗೆ ಕ್ಯೂ ನಿಂತ್ಕೊಂಡ್ರು ಜನ. ಒಬ್ಬ ನನ್ನ ತಲೆಗೆ ಮೆಲ್ಲಗೆ ತಟ್ಟಿ "ಡಿಂಗ್" ಅಂದ. ಆಮೇಲೆ ಎಲ್ಲರೂ ತಟ್ಟಿದ್ರು.

ಒಂದು ಗಂಟೆ ಹೊತ್ತಿಗೆ ಒಳಗೆ ಹೋಗಿ ಕೂತ್ವಿ. ಅಲ್ಯೂಮಿನಿಯಂ ಬೆಂಚು, ಐಸ್ ಇದ್ದ ಹಾಗಿತ್ತು. ಸುಗ್ರೀವರು ದೊಡ್ಡ ಮನಸ್ಸು ಮಾಡಿ ತಮ್ಮ ಕುಶನ್ ನಂಗೆ ಕೊಟ್ರು, ಹಳದಿ ಕುಶನ್ನು, ಮೇಲೆ ಕಪ್ಪು ಅಕ್ಷರದಲ್ಲಿ ಕಾಲೇಜಿನ ಹೆಸರು, ಓದೋವಾಗಿಂದ ಇಟ್ಕೊಂಡಿದಾರಂತೆ. ನಾನು ಒದ್ದೆ ಶಾಲನ್ನ ಮಡಚಿ ಕುಶನ್ ಮೇಲೆ ಹಾಕಿ ಅದರ ಮೇಲೆ ಬೆಚ್ಚಗೆ ಕೂತೆ. ಆ ಕಡೆ ವಾಬ್ಯಾಶಿನವರು ತಮ್ಮ ಹಾಡು ಶುರು ಮಾಡಿದ್ರು, ಕಾಲೇಜು ಹಾಡುಗಳಲ್ಲೇ ಉದ್ದದ್ದು ಅಂತ ಹೆಸರಂತೆ, ಅದು ಮುಗಿಯೋದನ್ನ ಕಾಯ್ತಾ ಡಿಪಾದವರು ಊಳಿಟ್ರು. ಕಿಕ್‌ಆಫ್‌ಗೆ ಎಲ್ಲರೂ ಎದ್ದು ನಿಂತ್ರು. ನಾನೂ ಎದ್ದೆ, ಶಾಲು ಎತ್ತಿದೆ.

ಚಿಕ್ಕಪೇಟೆ ಕೆಂಪು ಬಣ್ಣ ಪೂರ್ತಿ ಇಳಿದು ಹೋಗಿತ್ತು. ಕುಶನ್ ಈ ತುದಿಯಿಂದ ಆ ತುದಿವರೆಗೆ ಅಪ್ಪಟ ವಾಬ್ಯಾಶ್. ನನ್ನ ಪ್ಯಾಂಟಿನ ವಿಷಯ ಬಿಡಿ.

ಸುಗ್ರೀವರು ಮೈದಾನ ನೋಡ್ಲಿಲ್ಲ, ಕುಶನ್ನೇ ನೋಡ್ತಾ ನಿಂತ್ರು. ಅವರ ಹೆಂಡ್ತಿ ಮಾತ್ರ ಕಣ್ಣಲ್ಲಿ ನೀರು ಬರೋವರೆಗೂ ನಕ್ರು. ಅವತ್ತು ಯಾರು ಗೆದ್ರು ಅಂತ ನಾನು ಇಲ್ಲಿ ಬರೆಯಲ್ಲ, ಎರಡು ಮನೆ ಮಧ್ಯ ಬಾಳ್ವೆ ಮಾಡ್ಬೇಕು. ಸಂಜೆ ವಾಪಸ್ ಬರೋವಾಗ ಟ್ರಕ್ ಸೀಟಿನ ಮೇಲೆ ವಾಲಿ ಮೊದಲು ಪ್ಲಾಸ್ಟಿಕ್ ಹಾಸಿದ್ರು ಅಂತ ಮಾತ್ರ ಹೇಳ್ತೀನಿ.

ಕುಶನ್‌ಗೆ ನಿಂಬೆಹುಳಿ, ಸೋಡಾಪುಡಿ, ಬ್ಲೀಚು ಎಲ್ಲ ಪ್ರಯೋಗ ಮಾಡಿದ್ವಿ, ಕೆಂಪು ಹೋಗಿ ಗುಲಾಬಿ ಆಯ್ತು ಅಷ್ಟೇ. ಕೊನೆಗೆ ಹೊಸದೇ ಕೊಟ್ಟುಬಿಡೋಣ ಅಂತ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಆನ್‌ಲೈನ್ ಹುಡುಕಿ ಆರ್ಡರ್ ಮಾಡಿದೆ, ಗಿಫ್ಟ್ ಪ್ಯಾಕ್ ಮಾಡಿಸಿ ನೇರ ಅವರ ಅಡ್ರೆಸ್ಸಿಗೇ ಹಾಕಿದೆ. ಮೂರು ದಿನ ಆದ್ಮೇಲೆ ಸುಗ್ರೀವರು ಬಾಗಿಲು ತಟ್ಟಿದ್ರು, ಕೈಲಿ ಕುಶನ್ನು. ನೀಲಿ ಬಣ್ಣ. ಮೇಲೆ ದಪ್ಪ ಅಕ್ಷರದಲ್ಲಿ ಡಿಪಾಲ್, ಕೊನೇ 'ಲ್' ಸಮೇತ.