ಅಜ್ಜನಿಗೆ ಕೋಟು ತೊಡಿಸಿದವರಿಗೆ

ನಿನ್ನೆ ದೊಡ್ಡಪ್ಪನ ಮಗ ನಡೆಸುವ ಹೋಂಸ್ಟೇಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಎದುರಿನ ಗೋಡೆಯಲ್ಲಿ ಆಳೆತ್ತರದ ಚಿತ್ರ. ಕಂದು ಕೋಟು, ತಲೆಗೆ ಹ್ಯಾಟು, ಬೆತ್ತದ ಕುರ್ಚಿ, ಕಾಲ ಬಳಿ ಉದ್ದ ಕೂದಲಿನ ನಾಯಿ, ಕೈಯಲ್ಲಿ ಪಿಂಗಾಣಿ ಕಪ್ಪು. ಯಾರೋ ಬ್ರಿಟಿಷರ ಕಾಲದ ಎಸ್ಟೇಟ್ ಮಾಲೀಕರಿರಬೇಕು ಎಂದುಕೊಂಡು ಹತ್ತಿರ ಹೋದರೆ ಕೆಳಗೆ ನಮ್ಮ ಅಜ್ಜನ ಹೆಸರು! ಪಕ್ಕದಲ್ಲಿ '1920ರಿಂದ' ಎಂಬ ಬಿರುದು ಬೇರೆ. 1920ರಲ್ಲಿ ಅಜ್ಜ ಹುಟ್ಟಿಯೇ ಇರಲಿಲ್ಲ ಮಾರಾಯರೇ.

ಎಐ ಬಳಸಿ ಮಾಡಿದ್ದಂತೆ. ಆಧಾರ್ ಕಾರ್ಡಿನಲ್ಲಿದ್ದ ಮುಖವನ್ನು ಕೊಟ್ಟು ಹಳೆಯ ಕಾಲದ ತೋಟದ ಯಜಮಾನರ ಹಾಗೆ ಮಾಡು ಎಂದರೆ ಸಾಕಂತೆ, ಅರ್ಧ ನಿಮಿಷದ ಕೆಲಸ. ಅಣ್ಣ ಬಹಳ ಸಂಭ್ರಮದಿಂದ ವಿವರಿಸಿದ. ನಾನು ಅಜ್ಜನ ಕೈ ನೋಡುತ್ತಾ ನಿಂತಿದ್ದೆ. ಕಪ್ಪು ಹಿಡಿದ ಬಲಗೈಯಲ್ಲಿ ಐದೂ ಬೆರಳು ನೆಟ್ಟಗಿದ್ದವು.

ಕೊಡಗಿನ ಶಾಂತಳ್ಳಿ, ಸೋಮವಾರಪೇಟೆ ಕಡೆಯ ಸ್ನೇಹಿತರಿಗೆ ಅಜ್ಜನ ಮೊಂಡು ಬೆರಳು ಗೊತ್ತು. ಬಲಗೈ ತೋರುಬೆರಳಿನ ಮೇಲಿನ ಗೆಣ್ಣು ಕೈಪಲ್ಪರಿಗೆ ಹೋಗಿತ್ತು. ಅರೇಬಿಕಾ ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ತೆಗೆಯಬೇಕು. ರಾತ್ರಿ ಕಳೆದರೆ ಹಣ್ಣು ಹುಳಿತು ಬೀಜಕ್ಕೆ ವಾಸನೆ ಹಿಡಿಯುತ್ತದೆ. ಹಗಲಿಡೀ ಕೊಯ್ಲು, ಸಂಜೆ ಅಳತೆ, ಆಮೇಲೆ ಲಾಟೀನು ಹಿಡಿದು ಪಲ್ಪರ್ ತಿರುಗಿಸುವ ಕೆಲಸ. ಅಂಥ ಒಂದು ರಾತ್ರಿ, ಸಿಕ್ಕಿಕೊಂಡ ಹಣ್ಣನ್ನು ಎಬ್ಬಿಸಲು ಹೋಗಿ ಬೆರಳು ಕೊಟ್ಟರು. ಬಟ್ಟೆ ಸುತ್ತಿಕೊಂಡು, ಉಳಿದ ಹಣ್ಣನ್ನೆಲ್ಲ ಮುಗಿಸಿದ ಮೇಲೆಯೇ ಡಾಕ್ಟರ ಬಳಿ ಹೊರಟದ್ದು ಎಂದು ಅಜ್ಜಿ ಹೇಳುತ್ತಿದ್ದರು. ಹೊಗಳಿ ಹೇಳುತ್ತಿದ್ದರು ಎಂದುಕೊಳ್ಳಬೇಡಿ, ಬೈದು ಹೇಳುತ್ತಿದ್ದರು. ಆ ಬೆರಳನ್ನೇ ಈಗ ಕಂಪ್ಯೂಟರು ವಾಪಸು ಕೊಟ್ಟಿದೆ. ಯಾರು ಕೇಳಿದ್ದರು?

ಅಜ್ಜ ಶುರುಮಾಡಿದ್ದು ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಲೆಕ್ಕ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರ ಸುಮಾರಿಗೆ ಇಳಿಜಾರಿನಲ್ಲಿ ನಾಲ್ಕು ಎಕರೆ ಜಾಗ ಹಿಡಿದರು. ಹಣ ತೀರಿಸಿದ್ದು ಎಷ್ಟೋ ವರ್ಷಗಳ ಮೇಲೆ. ಶಾಂತಳ್ಳಿಯ ಮಳೆ ನೋಡಿದವರಿಗೆ ಆ ಇಳಿಜಾರಿನ ಅರ್ಥವಾಗುತ್ತದೆ. ಒಂದು ಮಳೆಗಾಲ ಸಾಕು, ಮೇಲ್ಮಣ್ಣು ಕೆಳಗಿನ ಗದ್ದೆಯಲ್ಲಿರುತ್ತದೆ. ಕಂಬಳಿ ಕೊಪ್ಪೆ ಹೊದ್ದು, ಜಿಗಣೆ ಕಿತ್ತೆಸೆಯುತ್ತಾ, ಮಣ್ಣು ಹಿಡಿಯಲು ಅವರೂ ಅಜ್ಜಿಯೂ ತೋಡು ಕಡಿದು ಬದು ಕಟ್ಟಿದರು. ಕಣಿವೆಯ ತಂಪಿನಲ್ಲಿ ಹಾಕಿದ ಏಲಕ್ಕಿ 'ಕಟ್ಟೆ' ಎಂಬ ರೋಗಕ್ಕೆ ಹೋಯಿತು. ಕಾಫಿಯ ನಡುವೆ ಕೊಡಗಿನ ಕಿತ್ತಳೆ ಇತ್ತು, ಒಂದೊಂದೇ ಮರ ಹಳದಿಗಟ್ಟಿ ಒಣಗಿತು. ಉಳಿದದ್ದು ಕಾಫಿ ಮತ್ತು ಮೆಣಸು.

ಕಾಫಿ ಎಂದರೆ ಗಿಡ ನೆಟ್ಟು ಕುರ್ಚಿ ಹಾಕಿಕೊಂಡು ಕೂರುವುದು ಎಂದು ತಿಳಿದಿರುವವರು ಮೇ ತಿಂಗಳಲ್ಲಿ ನಮ್ಮ ಅಜ್ಜನನ್ನು ನೋಡಬೇಕಿತ್ತು. ಮಳೆ ಹಿಡಿಯುವ ಮೊದಲು ಎಲೆತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಹಳತಾಗಿದ್ದರೆ ಲೆಕ್ಕ ತಪ್ಪುತ್ತದೆ, ಎಲೆ ಸುಡುತ್ತದೆ. ಅಜ್ಜ ಪ್ರತಿ ಪೀಪಾಯಿಗೂ ಕತ್ತಿಯ ಅಲಗನ್ನು ತಿಕ್ಕಿ ಹೊಳಪು ಮಾಡಿ ಅದ್ದುತ್ತಿದ್ದರು. ತೆಗೆದು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನೊಂದು ಬೊಗಸೆ ಸುಣ್ಣ, ಮತ್ತೆ ಕಲಕುವುದು, ಮತ್ತೆ ಅದ್ದುವುದು. ಅಲಗು ಬಿಳಿಯಾಗಿಯೇ ಬರುವವರೆಗೆ ಯಾರೂ ಪಂಪು ಮುಟ್ಟುವಂತಿಲ್ಲ. ಆ ತಿಂಗಳಿಡೀ ಅವರ ಬನಿಯನ್ ನೀಲಿ, ಉಗುರು ನೀಲಿ, ಕಿವಿಯ ಹಿಂದೆಯೂ ನೀಲಿ. ಎಐಗೆ ಆ ನೀಲಿ ಹೊಳೆಯಲಿಲ್ಲ, ಕಂದು ಕೋಟು ಹೊಳೆಯಿತು.

ಕಾಂಡಕೊರಕದ ಕಥೆಯಂತೂ ಕೇಳಬೇಡಿ. ಹಸಿರಾಗಿ ನಿಂತ ಗಿಡದ ಬುಡವನ್ನು ಅಂಗೈಯಿಂದ ಸವರಿ, ತೊಗಟೆಯಲ್ಲಿ ಏಣು ಸಿಕ್ಕಿದರೆ ಮುಗಿಯಿತು, ಕಿತ್ತು ಸುಡಬೇಕು. ಸುಡದಿದ್ದರೆ ಒಳಗಿನ ಹುಳು ದುಂಬಿಯಾಗಿ ಹಾರಿ ಪಕ್ಕದ ಗಿಡಕ್ಕೆ ಹೋಗುತ್ತದೆ. ತಾವೇ ಸಸಿ ಮಾಡಿ, ನೆಟ್ಟು, ಹತ್ತು ವರ್ಷ ಸಾಕಿದ ಗಿಡಗಳನ್ನು ತಾವೇ ರಾಶಿ ಹಾಕಿ ಬೆಂಕಿ ಇಡುತ್ತಿದ್ದರು. ಆ ದಿನ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ಮತ್ತೆ ಆ ಪಿಂಗಾಣಿ ಕಪ್ಪು! ಅಜ್ಜ ಜೀವಮಾನದಲ್ಲಿ ಒಳ್ಳೆಯ ಕಾಫಿ ಕುಡಿದದ್ದೇ ಕಡಿಮೆ. ಆಗ ಪೂಲ್ ಪದ್ಧತಿ, ಅಂದರೆ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುತ್ತಿತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಮನೆಖರ್ಚಿಗೆ, ಬಿತ್ತನೆಗೆ ಚೂರು ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲಿಗೆ ಕೊಡಬೇಕು. ಕೊಟ್ಟಾಗ ಮುಂಗಡ, ಆಮೇಲೆ ಕಾಫಿಯ ದರ್ಜೆ ನೋಡಿ ಕೊಟ್ಟ ಪಾಯಿಂಟಿಗೆ ಇಷ್ಟು ಎಂದು ಕಂತು ಕಂತಾಗಿ ಹಣ. ಆ ಚೂರಿನಲ್ಲೂ ಮನೆಗೆ ಉಳಿಯುತ್ತಿದ್ದುದು ಒಡಕು, ಜೊಳ್ಳು, ಗಿಡದ ಬುಡದಲ್ಲಿ ಬಿದ್ದು ಆರಿಸಿ ತಂದದ್ದು. ಅದನ್ನೇ ಹುರಿದು ಕುಟ್ಟಿ, ಬೆಲ್ಲ ಹಾಕಿ, ಸ್ಟೀಲು ಲೋಟದಲ್ಲಿ ಕುಡಿಯುತ್ತಿದ್ದರು. ಅದೂ ನಿಂತುಕೊಂಡು. 1996ರಲ್ಲಿ ಪೂಲ್ ಪೂರ್ತಿ ಮುಗಿದ ಮೇಲೂ ಅವರ ಲೋಟದೊಳಗಿನ ಕಾಫಿ ಬದಲಾಗಲಿಲ್ಲ.

1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟು ಕಾಫಿ ಬೆಲೆ ಏರಿತಲ್ಲ, ಆಗ ಸಿಕ್ಕಿದ ಹಣದಲ್ಲಿ ಅಜ್ಜ ಮೊದಲು ಮಾಡಿಸಿದ್ದು ಕಣಕ್ಕೆ ಸಿಮೆಂಟು. ಕೆಲವು ವರ್ಷ ಕಾಫಿ ಸಿಮೆಂಟಿನ ಮೇಲೆ ಮಲಗಿತು, ನಾವು ಸಗಣಿ ಸಾರಿಸಿದ ನೆಲದ ಮೇಲೆ ಮಲಗಿದೆವು. ಆ ಕಣದಲ್ಲಿ ಬರಿಗಾಲಿನಲ್ಲಿ ನಡೆಯುತ್ತಾ ಸಿಪ್ಪೆ ತೆಗೆದ, ಒಳಹೊಟ್ಟು ಇರುವ ಬೀಜ, ಅಂದರೆ ಪಾರ್ಚ್‌ಮೆಂಟ್ ಕೆದಕುವುದು, ನಡುನಡುವೆ ಒಂದು ಬೀಜ ಬಾಯಿಗೆ ಹಾಕಿ ಕಚ್ಚುವುದು, ಉಗಿಯುವುದು. "ಇನ್ನೂ ಒಂದು ಬಿಸಿಲು ಬೇಕು ಕೂಸೇ" ಎಂದರೆ ಬೇಕು. ಈಗ ನಮ್ಮಲ್ಲಿ ತೇವಾಂಶ ಅಳೆಯುವ ಯಂತ್ರವಿದೆ, ಒಳ್ಳೆಯದೇ. ಅಜ್ಜನ ಹಲ್ಲಿಗೆ ಬ್ಯಾಟರಿ ಬೇಕಾಗಿರಲಿಲ್ಲ, ಅಷ್ಟೇ.

ಇಷ್ಟು ಹೇಳಿದರೆ ಅಣ್ಣನ ಉತ್ತರ ಸಿದ್ಧ. ಬೆಂಗಳೂರಿನಿಂದ ಬರುವವರು ಕೆಸರು ಮೆತ್ತಿದ ಬನಿಯನ್ ನೋಡಲು ಬರುವುದಿಲ್ಲ. ಮನೆ ನಡೆಯುವುದೂ, ಮಕ್ಕಳ ಶುಲ್ಕ ಕಟ್ಟುವುದೂ ಹೋಂಸ್ಟೇಯಿಂದ. ಬದುಕಿದ್ದಾಗ ಸುಖ ಕಾಣದ ಮುದುಕರನ್ನು ಚಿತ್ರದಲ್ಲಾದರೂ ಕುರ್ಚಿಯಲ್ಲಿ ಕೂರಿಸಿದರೆ ತಪ್ಪೇನು? ಮೊದಲ ಎರಡು ಮಾತನ್ನು ಒಪ್ಪುತ್ತೇನೆ. ಬೆಲೆ ಬಿದ್ದ ವರ್ಷಗಳಲ್ಲಿ ತೋಟ ಉಳಿದದ್ದು ಹೋಂಸ್ಟೇಯಿಂದಲೇ. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ ಐವತ್ತು ಕೆಜಿ ಮೂಟೆ ₹25,000 ದಾಟಿದಾಗ 'ನಿಮಗೇನು ಬಿಡಿ' ಎಂದವರಿಗೆ ಆ ವರ್ಷಗಳ ನೆನಪಿಲ್ಲ. ಆದರೆ ಮೂರನೆಯ ಮಾತು ಶುದ್ಧ ಬೊಗಳೆ. ಅಜ್ಜನಿಗೆ ಕೋಟು ಇರಲಿಲ್ಲ ಎಂದು ಯಾರು ಹೇಳಿದ್ದು? ಒಂದಿತ್ತು, ಕಪ್ಪು ಕೋಟು. ಬ್ಯಾಂಕಿಗೆ ಸಾಲ ಕೇಳಲು ಹೋಗುವಾಗ ಮಾತ್ರ ತೊಡುತ್ತಿದ್ದರು. ಮನೆಗೆ ಬಂದ ತಕ್ಷಣ ಕಳಚಿ ಗೂಟಕ್ಕೆ ಹಾಕಿ, ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಕೋಟು ಎಂದರೆ ಅವರಿಗೆ ಸಾಲ. ಅದನ್ನು ತಂದು ಶಾಶ್ವತವಾಗಿ ಮೈಗೆ ಹೊಲಿದಿದ್ದೀರಿ.

ಅವರೇನು ದೇವರಲ್ಲ. ಹೇಳಿಬಿಡುತ್ತೇನೆ, ನಾನು ಅವರಿಗೆ ಹೆದರುತ್ತಿದ್ದಷ್ಟು ಯಾರಿಗೂ ಹೆದರಿಲ್ಲ. ಅವರು ಅಂಗಳಕ್ಕೆ ಬಂದರೆ ನಾವು ಮಕ್ಕಳು ಹಿತ್ತಿಲಿಗೆ. ಅತ್ತೆಯನ್ನು ಹತ್ತನೇ ತರಗತಿಗೇ ಶಾಲೆ ಬಿಡಿಸಿ ಕೊಯ್ಲಿಗೆ ಹಚ್ಚಿದರು. ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಅದೇ ಮನುಷ್ಯ 2001-02ರಲ್ಲಿ ಬೆಲೆ ನೆಲಕಚ್ಚಿ, ಕೊಯ್ದ ಕೂಲಿಯೂ ಹುಟ್ಟದಿದ್ದಾಗ, ನನ್ನ ಕಾಲೇಜು ಶುಲ್ಕಕ್ಕೆ ಬೇಲಿಯ ಸಿಲ್ವರ್ ಓಕ್ ಮರಗಳನ್ನು ಕಡಿಸಿ ಮಾರಿದರು. ನನಗೊಂದು ಮಾತೂ ಹೇಳಲಿಲ್ಲ. ಬೇಲಿ ಬೋಳಾದದ್ದು ಕಂಡು ಕೇಳಿದರೆ, ನೆರಳು ಜಾಸ್ತಿಯಾಗಿತ್ತು ಎಂದರು. ಬೇಲಿಯಲ್ಲಿ ಎಂಥ ನೆರಳು ಅಜ್ಜ? (ಅಜ್ಜಿ ಇದಕ್ಕಿಂತ ಒಂದು ಕೈ ಹೆಚ್ಚೇ ದುಡಿದರು. ಅವರ ಚಿತ್ರವನ್ನು ಯಾವ ಗೋಡೆಗೂ ಹಾಕಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ.)

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳೇ ಜಾರಿ ಬಂದಾಗ ನಮ್ಮನ್ನು ಬೇರೆಡೆ ಹೋಗಲು ಹೇಳಿದ್ದರು. ಅಜ್ಜ ಆಗಲೇ ಎಂಬತ್ತು ದಾಟಿದವರು. ಊರುಗೋಲು ಹಿಡಿದು ಮೊದಲು ತೋಡಿನ ಬಾಯಿ ಬಿಡಿಸಿ ಬಂದರು, ಆಮೇಲೆ ಜೀಪು ಹತ್ತಿದರು. ನಮ್ಮ ಇಳಿಜಾರು ನಿಂತಿತು. ತೋಡಿನಿಂದಲೇ ನಿಂತಿತೋ ಅದೃಷ್ಟದಿಂದಲೋ ನಾನು ವಾದ ಮಾಡುವುದಿಲ್ಲ. ಹ್ಯಾಟು ಹಾಕಿ ಕೂತಿದ್ದರಿಂದಂತೂ ಅಲ್ಲ.

ಈಗ ಒಂದು ಕೆಲಸ ಆಗಬೇಕು. ಅಜ್ಜ ದುಡಿಯುತ್ತಿರುವ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಕ್ಯಾಮೆರಾ ಕಂಡರೆ ಓಡುವ ಜನ. ಶಾಂತಳ್ಳಿ ಕುಮಾರಲಿಂಗೇಶ್ವರ ಜಾತ್ರೆಯದ್ದೋ, ಯಾರದಾದರೂ ಮದುವೆಯದ್ದೋ, ಕೊಯ್ಲಿನ ಸಮಯದ್ದೋ ಹಳೆಯ ಆಲ್ಬಂ ಇರುವವರು ದಯವಿಟ್ಟು ಒಮ್ಮೆ ತಿರುವಿ ಹಾಕಿ. ಹಿಂದಿನ ಸಾಲಿನಲ್ಲಿ, ಬಲಗೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತವರು ಸಿಕ್ಕಿದರೆ ಅವರೇ. ಮಸುಕಾಗಿದ್ದರೂ ಪರವಾಗಿಲ್ಲ, ಮೊಬೈಲಿನಲ್ಲಿ ತೆಗೆದು ಇನ್‌ಬಾಕ್ಸಿಗೆ ಕಳಿಸಿ. ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸುವ ಖರ್ಚು ನನ್ನದು. ಅಣ್ಣನ ಜೊತೆ ಜಗಳವೂ ನನ್ನದೇ.