ಬೆಲೇಮ್‌ನ ಒಡತಿಯನ್ನು ವಿಷಕನ್ಯೆ ಅಂತ ಮುಗಿಸಿಬಿಡಬೇಡಿ

ಹನ್ನೊಂದನೇ ಶತಮಾನದಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಹೋಗಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಗಳ ಬಗ್ಗೆ ಕನ್ನಡದ ಒಂದು ವಿಡಿಯೊ ಬೆಳಗ್ಗೆಯಿಂದ ಎಲ್ಲರ ಗೋಡೆಯಲ್ಲೂ ಕಾಣ್ತಾ ಇದೆ. ಇಂಗ್ಲೆಂಡಿನ ಶ್ರೂಸ್‌ಬರಿಯ ಅರ್ಲ್, ಅಂದರೆ ರಾಜನ ಕೈಕೆಳಗೆ ಆ ಪ್ರಾಂತ್ಯದ ಒಡೆಯ, ರೋಜರ್ ಡಿ ಮಾಂಟ್‌ಗೊಮೆರಿಯ ಕಥೆ. ಅವನ ಕೋಟೆ, ಕುದುರೆ, ದಾನಧರ್ಮ ಎಲ್ಲಾ ವಿವರವಾಗಿ ಬಂತು. ಹೆಂಡತಿ ಮೇಬಲ್‌ಗೆ ಸಿಕ್ಕಿದ್ದು ಒಂದೇ ವಾಕ್ಯ: ಕಂಡವರಿಗೆ ವಿಷ ಹಾಕುತ್ತಿದ್ದ ವಿಷಕನ್ಯೆ, ಕೊನೆಗೆ ತಕ್ಕ ಶಾಸ್ತಿ ಆಯ್ತು. ಇದನ್ನು ಕೇಳಿಸಿಕೊಂಡು ಸುಮ್ಮನಿರೋಕೆ ನನ್ನಿಂದ ಆಗಲಿಲ್ಲ.

ಆಕೆಯನ್ನು ಬಿಟ್ಟರೆ ಆ ಮನೆತನದ ಲೆಕ್ಕವೇ ಕೂಡುವುದಿಲ್ಲ. ಮೇಬಲ್‌ಳ ತವರು ಬೆಲೇಮ್, ನಾರ್ಮಂಡಿಯ ದಕ್ಷಿಣದ ಗಡಿ. ತಂದೆ ವಿಲಿಯಂ ತಾಲ್ವಾನ ಪಾಲು, ಆಮೇಲೆ ತಂದೆಯ ಸೋದರ ಬಿಷಪ್ ಈವೋನ ಪಾಲು, ಎರಡೂ ಬಂದು ಸೇರಿದ್ದು ಇವಳಿಗೆ. ಬೆಲೇಮ್‌ಗೆ ಮೇಲಿನ ಒಡೆಯ ಫ್ರಾನ್ಸಿನ ರಾಜ, ಇವಳದ್ದೇ ಆದ ಅಲಾಂಸೋನ್‌ಗೆ ನಾರ್ಮಂಡಿಯ ದೊರೆಯಾದ ಡ್ಯೂಕ್. ಆ ಇಬ್ಬರು ಜಗಳಕ್ಕೆ ಬಿದ್ದರೆ ಮೊದಲು ಸುಡುವುದು ಇವಳ ಹಳ್ಳಿಗಳೇ. ಇಂಥ ಗಡಿನಾಡನ್ನು ಉಳಿಸಿಕೊಳ್ಳುವುದು ಅಂದರೆ ಕೂತು ಗೇಣಿ ಎಣಿಸುವುದಲ್ಲ. ಪ್ರತಿ ಕೋಟೆಗೂ ನಂಬಿಕಸ್ಥ ಕಾವಲಿಡಬೇಕು, ಸವಾರರಿಗೆ ಕುದುರೆ, ಕವಚ, ಊಟ ನೋಡಬೇಕು. ಪಕ್ಕದವನ ಕೋಟೆ ಬಲವಾಗುತ್ತಿದ್ದರೆ ಕಿತ್ತುಕೊಳ್ಳಬೇಕು, ಇಲ್ಲವೇ ಆ ಮನೆಗೆ ಹೆಣ್ಣು ಕೊಟ್ಟು ಬೀಗತನ ಬೆಳೆಸಬೇಕು. 1067ರ ಕೊನೆಗೆ ರೋಜರ್ ಇಂಗ್ಲೆಂಡಿಗೆ ಹೊರಟ. ಅಲ್ಲಿ ಅರಂಡೆಲ್, ಚಿಚೆಸ್ಟರ್, ಆಮೇಲೆ ಹೆಚ್ಚುಕಡಿಮೆ ಇಡೀ ಶ್ರಾಪ್‌ಶೈರ್ ಅವನ ಕೈಗೆ ಬಂತು. ಅವನು ಸಮುದ್ರದಾಚೆ ಇದ್ದಾಗ ಈಚೆಯ ಗಡಿ ತಾನಾಗಿ ನಿಂತಿತ್ತಾ?

ಈಗ ವಿಷದ ಮಾತು. ಇಷ್ಟೆಲ್ಲಾ ಆರೋಪ ನಮಗೆ ಬಂದಿರುವುದು ಮುಖ್ಯವಾಗಿ ಒಬ್ಬನ ಲೇಖನಿಯಿಂದ: ಸೇಂಟ್ ಎವ್ರೂ ಮಠದ ಸನ್ಯಾಸಿ ಆರ್ಡೆರಿಕ್ ವಿಟಾಲಿಸ್. ಅವನು ಹುಟ್ಟಿದ್ದು 1075ರಲ್ಲಿ, ಶ್ರೂಸ್‌ಬರಿಯ ಹತ್ತಿರ. ಅಪ್ಪ ಇದೇ ರೋಜರ್‌ನ ಆಶ್ರಯದಲ್ಲಿದ್ದ ಪಾದ್ರಿ. ಮೇಬಲ್ ಕೊಲೆಯಾದಾಗ ಆರ್ಡೆರಿಕ್‌ಗೆ ಐದು ವರ್ಷವೂ ತುಂಬಿರಲಿಲ್ಲ. ಹತ್ತನೇ ವಯಸ್ಸಿಗೆ ಅಪ್ಪ ಅಳುತ್ತಾ ಅವನನ್ನು ನಾರ್ಮಂಡಿಯ ಮಠಕ್ಕೆ ಕಳಿಸಿಕೊಟ್ಟ. ಅದನ್ನು ಅವನು ಮುದುಕನಾದ ಮೇಲೆ ಬರೆದಿರುವುದನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವನ ಮೇಲೆ ನನಗೆ ಬಹಳ ಪ್ರೀತಿ. ಆದರೆ ಆ ಮಠದ ಅನ್ನದ ಋಣ ಯಾರದ್ದು ಅಂತಲೂ ಕೇಳಬೇಕಲ್ಲ. 1050ರಲ್ಲಿ ಆ ಮಠವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಗ್ರಾಂಮೆನಿಲ್ ಮತ್ತು ಜಿರ್ವಾ ಮನೆತನದವರು. ಜಿರ್ವಾಗಳಿಗೂ ಬೆಲೇಮ್‌ಗೂ ಹಳೇ ದ್ವೇಷ. ಮೇಬಲ್‌ಳ ಅಪ್ಪ ತಾಲ್ವಾ ತನ್ನ ಮದುವೆಗೆ ಬಂದಿದ್ದ ವಿಲಿಯಂ ಜಿರ್ವಾನ ಕಣ್ಣು ಕೀಳಿಸಿ, ಕಿವಿ ಮೂಗು ಕೊಯ್ಯಿಸಿದ್ದ ಅಂತ ಆರ್ಡೆರಿಕ್ಕೇ ಬರೆಯುತ್ತಾನೆ. ಅದೇ ವಿಲಿಯಂನ ಮಗ ಎಶೋಫೂರ್‌ನ ಆರ್ನಾಲ್ಡ್. ಮೇಬಲ್ ವಿಷ ಹಾಕಿ ಕೊಂದಳು ಅನ್ನುವುದು ಇವನನ್ನೇ. ಮೊದಲ ಸಲ ಅವನಿಗೆಂದು ಇಟ್ಟ ವಿಷದ ದ್ರಾಕ್ಷಾರಸವನ್ನು ಅಕಸ್ಮಾತ್ ಕುಡಿದು ಸತ್ತವನು ರೋಜರ್‌ನ ಸ್ವಂತ ತಮ್ಮ ಗಿಲ್ಬರ್ಟ್ ಅಂತೆ. ಜಿರ್ವಾಗಳ ಜಮೀನು ಕೊನೆಗೆ ಹೋಗಿ ಸೇರಿದ್ದು ರೋಜರ್-ಮೇಬಲ್ ಕೈಗೆ. ಜಮೀನು ಕಳೆದುಕೊಂಡವರ ಮಠದಲ್ಲಿ ಕೂತು ಬರೆದ ದೂರನ್ನು ತೀರ್ಪು ಅಂತ ಓದಬಾರದು.

ಬೆಂಕಿಯಿಲ್ಲದೆ ಹೊಗೆಯಾಡುತ್ತಾ ಅಂತ ಈಗಾಗಲೇ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಬೆಂಕಿ ಇತ್ತು, ಒಪ್ಪುತ್ತೇನೆ. ನೂರು ಸವಾರರನ್ನು ಕಟ್ಟಿಕೊಂಡು ಅದೇ ಮಠಕ್ಕೆ ಹೋಗಿ ಇಳಿದುಕೊಂಡಳಂತೆ. ನೂರು ಆಳಿನ ಊಟ, ನೂರು ಕುದುರೆಯ ಮೇವು ಅಂದರೆ ಬಡ ಮಠದ ಕಣಜ ಬರಿದಾಗುತ್ತದೆ. ಹ್ಯೂ ಬ್ಯುನೆಲ್ ಅನ್ನುವವನ ಕೋಟೆ ಕಿತ್ತುಕೊಂಡಳು. ಅದಕ್ಕೇ ಅವನು ಮೂವರು ತಮ್ಮಂದಿರ ಜೊತೆ ಒಂದು ಡಿಸೆಂಬರ್ ರಾತ್ರಿ ದೀವ್ ನದಿಯ ಹತ್ತಿರದ ಬ್ಯೂರ್ ಕೋಟೆಗೆ ನುಗ್ಗಿದ. ಸ್ನಾನ ಮಾಡಿ ಹಾಸಿಗೆಯಲ್ಲಿ ಒರಗಿದ್ದ ಮೇಬಲ್‌ಳ ತಲೆ ಕಡಿದ. ಮಗ ಹ್ಯೂ ಅದೇ ಕೋಟೆಯಲ್ಲಿ ಹದಿನಾರು ಸವಾರರ ಜೊತೆ ಇದ್ದ. ತಕ್ಷಣ ಬೆನ್ನಟ್ಟಿದ. ಆದರೆ ಕತ್ತಲು, ಚಳಿಗಾಲದ ನೆರೆ, ಸಾಲದ್ದಕ್ಕೆ ಕೊಲೆಗಾರರು ದಾಟಿದ ಸೇತುವೆಗಳನ್ನೆಲ್ಲಾ ಮುರಿದು ಹಾಕಿದ್ದರು. ಬ್ಯುನೆಲ್ ಇಟಲಿಗೆ ಓಡಿದ. 1099ರಲ್ಲಿ ಅವನು ಕಾಣಿಸಿಕೊಂಡಿದ್ದು ಕ್ರೈಸ್ತ ಧರ್ಮಯೋಧರ ಜೆರುಸಲೇಮ್ ಮುತ್ತಿಗೆಯಲ್ಲಿ.

ಆದರೆ ಗಂಡನ ಲೆಕ್ಕವನ್ನೂ ಇಡಿ. ರಾಜ ಇಂಗ್ಲೆಂಡಿನ ಜಮೀನು, ತೆರಿಗೆಯ ಲೆಕ್ಕ ಬರೆಸಿದ ಡೂಮ್ಸ್‌ಡೇ ಸರ್ವೆ 1086ರದ್ದು. ಶ್ರೂಸ್‌ಬರಿಯ ಇಂಗ್ಲಿಷ್ ನಿವಾಸಿಗಳ ಗೋಳು ಅದರಲ್ಲಿ ದಾಖಲಾಗಿದೆ. ಅರ್ಲ್‌ನ ಕೋಟೆಗೆ 51 ಮನೆ ನಿವೇಶನ ಹೋಯಿತು, ಇನ್ನು 50 ಪಾಳು ಬಿದ್ದಿವೆ, 43 ಫ್ರೆಂಚರ ಕೈಯಲ್ಲಿವೆ, 39 ನಿವಾಸಿಗಳನ್ನು ಅರ್ಲ್ ತಾನು ಕಟ್ಟಿಸುತ್ತಿರುವ ಮಠಕ್ಕೆ ಬರೆದುಕೊಟ್ಟಿದ್ದಾನೆ. ಆದರೂ ನಾರ್ಮನ್ನರು ಬರುವ ಮುಂಚೆ ಎಡ್ವರ್ಡ್ ರಾಜನ ಕಾಲದಲ್ಲಿ ಇಡೀ ಊರು ಕಟ್ಟುತ್ತಿದ್ದ ತೆರಿಗೆಯನ್ನೇ ಉಳಿದವರು ಕಟ್ಟಬೇಕು. ಇದು ರೋಜರ್‌ನ ಆಡಳಿತ. ಅವನಿಗೆ ಆರ್ಡೆರಿಕ್ ಕೊಟ್ಟ ಬಿರುದು ವಿವೇಕಿ, ನ್ಯಾಯವಂತ. ಅವನು 1094ರಲ್ಲಿ ಅದೇ ಶ್ರೂಸ್‌ಬರಿ ಮಠದಲ್ಲಿ ಸನ್ಯಾಸಿಯಾಗಿ ಸತ್ತ. ಗಂಡ ಕಿತ್ತುಕೊಂಡರೆ ರಾಜ್ಯಭಾರ, ಹೆಂಡತಿ ಕಿತ್ತುಕೊಂಡರೆ ದುರಾಸೆ! ವಿಡಿಯೊ ಮಾಡಿದವರು ಇದೇ ತಕ್ಕಡಿಯನ್ನು ಎತ್ತಿಕೊಂಡು ಬಂದಿದ್ದಾರೆ.

ತ್ರೋಆರ್ನ್ ಮಠದ ಮುಖ್ಯಸ್ಥ ದ್ಯುರಾಂ ಅವಳ ಸಮಾಧಿಗೆ ಪದ್ಯ ಬರೆದ. ಗಡಿಯ ಬುರುಜು, ತವರಿನ ಗುರಾಣಿ, ಕೆಲವರಿಗೆ ಬೇಕಾದವಳು, ಕೆಲವರಿಗೆ ಭಯಂಕರಿ ಅನ್ನುವ ಅರ್ಥದ ಸಾಲುಗಳು. ಇದು ಸ್ನೇಹಿತರ ಪಕ್ಷಪಾತ ಅಂತ ಆರ್ಡೆರಿಕ್ ಟಿಪ್ಪಣಿ ಹಾಕಿದ. ಆದರೂ ಪದ್ಯವನ್ನು ಪೂರ್ತಿ ನಕಲು ಮಾಡಿಟ್ಟ. ಅಷ್ಟರ ಮಟ್ಟಿಗೆ ಅವನಿಗೆ ನನ್ನ ನಮಸ್ಕಾರ.

ಅವಳ ಒಂಬತ್ತು ಮಕ್ಕಳಲ್ಲಿ ಐದು ಗಂಡು, ನಾಲ್ಕು ಹೆಣ್ಣು. ಹಿರಿಮಗನಿಗೆ ನಾರ್ಮಂಡಿಯ ಪಿತ್ರಾರ್ಜಿತ, ಅವನ ತಮ್ಮ ಹ್ಯೂಗೆ ಇಂಗ್ಲೆಂಡಿನ ಗಳಿಕೆ. ಹ್ಯೂ 1098ರಲ್ಲಿ ಆಂಗಲ್ಸಿಯಲ್ಲಿ ನಾರ್ವೆಯವರ ಬಾಣಕ್ಕೆ ಬಿದ್ದಾಗ ಅಣ್ಣ 3000 ಪೌಂಡ್ ಕಾಣಿಕೆ ತೆತ್ತು ಶ್ರೂಸ್‌ಬರಿಯನ್ನು ತನ್ನದಾಗಿಸಿಕೊಂಡ. 1102ರಲ್ಲಿ ಹೆನ್ರಿ ರಾಜನಿಗೆ ತಿರುಗಿಬಿದ್ದು ಇಂಗ್ಲೆಂಡಿನದ್ದೆಲ್ಲವನ್ನೂ ಕಳೆದುಕೊಂಡ. ಆ ಅಣ್ಣನ ಬಗ್ಗೆ ಎರಡನೇ ಭಾಗ ಬರುತ್ತದಂತೆ. ಅವನು ಇತಿಹಾಸದಲ್ಲಿ ರಾಬರ್ಟ್ ಡಿ ಮಾಂಟ್‌ಗೊಮೆರಿ ಅಲ್ಲ, ರಾಬರ್ಟ್ ಡಿ ಬೆಲೇಮ್. ಅಪ್ಪನ ಊರು ಬಿಟ್ಟು ಅಮ್ಮನ ತವರಿನ ಹೆಸರು ಅವನಿಗೆ ಯಾಕೆ ಬಂತು ಅನ್ನುವುದನ್ನು ದಯವಿಟ್ಟು ಆ ವಿಡಿಯೊದಲ್ಲಾದರೂ ಹೇಳಿ.