ಆ ಅಂಕಿ ಯಾವ ಪ್ರೆಷರ್‌ನದು ಮಾರಾಯ್ರೇ?

ಮತ್ತೆ ಅದೇ! ಇವತ್ತು ರಿವ್ಯೂಗೆ ಬಂದ ಇನ್ನೊಂದು ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರಿದರೆ ತಾನೇ ತೆರೆದು ಹೊರಬಿಡುವ ವಾಲ್ವ್) ಲೆಕ್ಕ ನೋಡಿದೆ. ದ್ರವಗಳನ್ನು ಕುದಿಸಿ ಬೇರ್ಪಡಿಸುವ ಡಿಸ್ಟಿಲೇಷನ್ ಕಾಲಂ, ಮೇಲಿನ ವೇಪರ್ (ಆವಿ) ತಣಿಸುವ ಕಂಡೆನ್ಸರ್‌ಗೆ ಕೂಲಿಂಗ್ ವಾಟರ್ ನಿಂತ ಕೇಸ್. ರಿಲೀಫ್ ಲೋಡ್, ಅಂದರೆ ವಾಲ್ವ್ ಹೊರಬಿಡಬೇಕಾದ ಪ್ರಮಾಣ, ಅಂತ ಬರೆದಿದ್ದು ಏನು? ಮಾಮೂಲಿಯಾಗಿ ಕಾಲಂ ಮೇಲಿಂದ ಹೊರಡುವ ವೇಪರ್‌ನ ಅಂಕಿ. ಹೀಟ್ ಬ್ಯಾಲೆನ್ಸ್ ಶೀಟ್‌ನಿಂದ ಎತ್ತಿ ಅಂಟಿಸಿದ್ದಾರೆ. ದಶಮಾಂಶ ಕೂಡ ಅಲ್ಲಾಡಿಲ್ಲ.

ವಾಲ್ವ್ ತೆರೆಯುವುದು ಮಾಮೂಲಿ ಪ್ರೆಷರ್‌ನಲ್ಲಾ? ಅದು ತೆರೆಯಲು ಶುರುವಾಗುವ ಸೆಟ್ ಪ್ರೆಷರ್ 10 ಬಾರ್ ಗೇಜ್, ಇರುವುದು ಒಂದೇ ವಾಲ್ವ್ ಅಂದರೆ ಲೆಕ್ಕ ಹಾಕಬೇಕಾದ್ದು ಶೇ 10 ಸೇರಿಸಿ 11ಕ್ಕೆ. ಆ ಪ್ರೆಷರ್‌ನಲ್ಲಿ ಕಾಲಂ ತಳದ ದ್ರವ ಇನ್ನೂ ಬಿಸಿಯಾಗದೆ ಕುದಿಯುವುದಿಲ್ಲ. ತಳವನ್ನು ಸ್ಟೀಮ್‌ನಿಂದ ಕುದಿಸುವ ರಿಬಾಯ್ಲರ್‌ನಲ್ಲಿ ಸ್ಟೀಮ್ 160 ಡಿಗ್ರಿ, ತಳ 120 ಅಂದುಕೊಳ್ಳಿ. ಅಂತರ 40. ತಳ 140ಕ್ಕೆ ಏರಿದರೆ ಅಂತರ 20. ಒಳಗೆ ಹೋಗುವ ಶಾಖ ಹೆಚ್ಚುಕಮ್ಮಿ ಅರ್ಧ.

"ಹಾಗಾದ್ರೆ ನಾವು ಜಾಸ್ತಿನೇ ಹಾಕಿದ್ದೀವಲ್ಲ ಮೇಡಂ, ಸೇಫ್ ಅಲ್ವಾ?" ಈ ಉತ್ತರ ಸದಾ ಜೇಬಲ್ಲೇ ಇರುತ್ತದೆ. ಕೆಲವು ಕಾಲಂಗಳಲ್ಲಿ ಸೇಫ್, ಒಪ್ಪಿದೆ. ಆದರೆ ಸ್ಟೀಮ್ ಫ್ಲೋ ಕಂಟ್ರೋಲ್‌ನಲ್ಲಿದ್ದರೆ? ಫ್ಲೋ ಇಳಿಯುತ್ತಿದ್ದಂತೆ ಕಂಟ್ರೋಲರ್ ಸ್ಟೀಮ್ ವಾಲ್ವನ್ನು ತೆರೆಯುತ್ತಾ ಹೋಗುತ್ತದೆ. ಸ್ಟೀಮ್ ಲೈನ್‌ನಲ್ಲಿ ಪ್ರೆಷರ್ ಇದ್ದರೆ ರಿಬಾಯ್ಲರ್‌ನ ಸ್ಟೀಮ್ 180ಕ್ಕೆ ಹೋಯ್ತು, ಅಂತರ ಮತ್ತೆ 40, ಶಾಖ ಮತ್ತೆ ಪೂರ್ತಿ. ಇತ್ತ ಕಾಲಂನಲ್ಲಿ ಪ್ರೆಷರ್ ಏರಿದ್ದಕ್ಕೆ ಲೇಟೆಂಟ್ ಹೀಟ್ (ದ್ರವ ಆವಿಯಾಗಲು ಬೇಕಾದ ಶಾಖ) ಇಳಿದಿರುತ್ತದೆ. ಅದು ಶೇ 20 ಇಳಿದರೆ ಅದೇ ಶಾಖಕ್ಕೆ ಶೇ 25 ಜಾಸ್ತಿ ವೇಪರ್! ಎಲ್ಲಿ ಹೋಯ್ತು ನಿಮ್ಮ ಸೇಫ್? ಇನ್ನು ಅರ್ಧ ಅಂತ ಖುಷಿಪಡುವವರು ಡೇಟಾ ಶೀಟ್‌ನ ಫೌಲಿಂಗ್ (ಟ್ಯೂಬಿಗೆ ಕಟ್ಟುವ ಕೊಳೆ) ಸೇರಿದ ಅಂಕಿ ಹಿಡಿದು ಕೂರುತ್ತಾರೆ. ಆಗಷ್ಟೇ ತೊಳೆದ ಟ್ಯೂಬ್ ಅದಕ್ಕಿಂತ ಜಾಸ್ತಿ ಶಾಖ ದಾಟಿಸುತ್ತದೆ.

ಸುಮ್ನೆ ಜಾಸ್ತಿ ಹಾಕುವುದೂ ಪುಕ್ಕಟೆ ಅಲ್ಲ. ಬೇಕಿದ್ದಕ್ಕಿಂತ ತೀರಾ ದೊಡ್ಡ ವಾಲ್ವ್ ಪಟಪಟ ತೆರೆದು ಮುಚ್ಚಿ ತನ್ನ ಸೀಟನ್ನೇ ಹಾಳುಮಾಡಿಕೊಳ್ಳುತ್ತದೆ. ಹೊರಬಿಟ್ಟದ್ದನ್ನು ಸುಡಲು ಒಯ್ಯುವ ಪೈಪು, ಫ್ಲೇರ್ ಹೆಡರ್, ಕೂಡ ಸುಮ್ಮನೆ ದಪ್ಪವಾಗುತ್ತದೆ.

ರಿಬಾಯ್ಲರ್ ಟ್ಯೂಬ್ ಒಡೆಯುವ ಕೇಸ್ ಕೇಳಲೇಬೇಡಿ. "10/13 ಪಾಸ್, ಅನ್ವಯಿಸುವುದಿಲ್ಲ." ಒಂದೇ ಸಾಲು. ಅಂದರೆ ಕಡಿಮೆ ಪ್ರೆಷರ್ ಬದಿಯ ತಾಳಿಕೆ ಹೆಚ್ಚು ಪ್ರೆಷರ್ ಬದಿಯ 10/13ರಷ್ಟಾದರೂ ಇದೆ ಅಂತ. ಎಕ್ಸ್‌ಚೇಂಜರ್‌ನ ಕಡಿಮೆ ಪ್ರೆಷರ್ ಬದಿ ತಡೆಯುತ್ತದೆ, ಸರಿ. ಅದಕ್ಕೆ ಅಂಟಿಕೊಂಡ ಪೈಪು, ಆಚೆಗಿರುವ ಇಡೀ ಕಾಲಂ? ಪ್ರೆಷರ್ ರಿಲೀಫ್‌ಗೆ ಇರುವ ಅಮೆರಿಕದ ಮಾನದಂಡ ಎಪಿಐ 521 ಅವನ್ನೂ ಸೇರಿಸಿ ನೋಡಿ ಅನ್ನುತ್ತದೆ. ಯಾರು ನೋಡ್ತಾರೆ!

ನನಗೆ ಸಿಟ್ಟು ಬೇಗ ಬರುತ್ತದೆ, ನಿಮಗೆ ಗೊತ್ತಿರುವುದೇ. ಆದರೂ ಹೇಳಿ, ಸಿಮ್ಯುಲೇಟರ್ ಎದುರಿಗೇ ಇದೆ. ಪ್ರೆಷರ್ 11ಕ್ಕೆ ಬದಲಿಸಿ ಇನ್ನೊಂದು ಸಲ ಓಡಿಸೋಕೆ ಏನು ರೋಗ?